ಕರೆಂಟಿಲ್ಲದೆ ಮಾತಾಡಿದ ಪೆಟ್ಟಿಗೆ

ನಿವೃತ್ತಳಾದ ಮೇಲೆ ಜನ ನನ್ನನ್ನು ಎರಡು ಕಾರಣಕ್ಕೆ ಹುಡುಕಿಕೊಂಡು ಬರುತ್ತಾರೆ. ಒಂದು, ಮಗಳಿಗೋ ಸೊಸೆಗೋ ಯಾವ ಕಂಪ್ಯೂಟರ್ ಕೋರ್ಸು ಮಾಡಿಸಬೇಕು ಎಂದು ಕೇಳಲು. ಇನ್ನೊಂದು, ಮನೆಯ ಪ್ರಿಂಟರ್ ಕೆಟ್ಟಿದೆ ಎಂದು. ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ನಾನು ಬಾಲಾನಗರದ ಒಂದು ಶೆಡ್ಡಿನಲ್ಲಿ ಕುಳಿತು ಇಡೀ ನೌಕರಿ ಮಾಡಿದ್ದು ಪೋರ್ಟಿಂಗ್ ಎಂಬ ಕೆಲಸ. ಅದಕ್ಕೆ ಈಗ ಸೇರುತ್ತಿರುವವರಿಗೆ ಅದು ನಿಜಕ್ಕೂ ಹೇಗಿತ್ತು ಎಂದು ಬರೆದಿಡುತ್ತಿದ್ದೇನೆ. ಬಡ್ತಿ, ಬಹುಮಾನಗಳ ಮಾತು ಬಿಡಿ, ಅವು ಹೇಳಿಕೊಳ್ಳುವಷ್ಟು ಇರಲೂ ಇಲ್ಲ. ತಪ್ಪುಗಳು ಮಾತ್ರ ಬೇಕಾದಷ್ಟಿವೆ. ಅವುಗಳಲ್ಲಿ ಒಂದು ಈಗಲೂ ಮಧ್ಯಾಹ್ನದ ಬೆಳಕಿನಲ್ಲೇ ನನ್ನನ್ನು ಬೆಚ್ಚಿಬೀಳಿಸುತ್ತದೆ.

ಒಂದು ಬಗೆಯ ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಮನ್ನು ಇನ್ನೊಂದು ಬಗೆಯದರ ಮೇಲೆ ಓಡುವಂತೆ ಮಾಡುವುದೇ ಪೋರ್ಟಿಂಗ್. ನಮ್ಮ ಅವ್ವನಿಗೆ ನಾನು ಹೇಳಿದ್ದು ಹೀಗೆ: ಅಡುಗೆಯವಳು ಅವಳೇ, ಅಡುಗೆಮನೆ ಮಾತ್ರ ಬೇರೆ. ಉಪ್ಪಿನ ಡಬ್ಬಿ ಎಲ್ಲಿ, ನೀರು ಎಲ್ಲಿ, ಒಲೆ ಎಲ್ಲಿ ಎಂದು ಅವಳಿಗೆ ತೋರಿಸಿಕೊಡುವವಳು ನಾನು. ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ, "ಇಷ್ಟಕ್ಕ ಪಗಾರ ಕೊಡ್ತಾರೇನ?" ಎಂದಿದ್ದಳು.

ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಕೋರ್ಸುಗಳ ಪೋಸ್ಟರ್ ಬಿಟ್ಟರೆ ಸುಣ್ಣವೇ ಕಾಣುತ್ತಿರಲಿಲ್ಲ. ನಮ್ಮ ಶೆಡ್ಡಿಗೆ ಮಾತ್ರ ಆ ಗಾಜಿನ ಹೊಳಪು ತಟ್ಟಲಿಲ್ಲ. ಎಡಕ್ಕೆ ಲೇತ್ ಮಷೀನು, ಬಲಕ್ಕೆ ಬಣ್ಣ ಹೊಡೆಯುವವರು, ನಡುವೆ ಕಬ್ಬಿಣದ ಪುಡಿ ಹಾರುವ ಅಂಗಳದಲ್ಲಿ ನಾವು ಹನ್ನೊಂದು ಜನ. ಶುಕ್ರವಾರ ಆ ಪ್ರದೇಶಕ್ಕೆ ಪವರ್ ಹಾಲಿಡೇ, ಕರೆಂಟೇ ಇಲ್ಲ. ಅದಕ್ಕೇ ಶುಕ್ರವಾರ ರಜೆ, ಭಾನುವಾರ ಕೆಲಸ.

ಯಜಮಾನರು ಮೋಯಿನ್ ಸಾಹೇಬರು. ಗುಲ್ಬರ್ಗಾದವರು, ನಾನು ಸೇಡಂ ಕಡೆಯವಳು, ಹೀಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ. ಉಳಿದವರೊಂದಿಗೆ ತೆಲುಗು, ಬೈಗುಳಕ್ಕೆ ದಖನಿ ಉರ್ದು. ಎಷ್ಟೇ ದೊಡ್ಡ ಕೋಡ್ ಇರಲಿ, ಅದನ್ನು ಉದ್ದನೆಯ ಕಾಗದದ ಮೇಲೆ ಅಚ್ಚುಹಾಕಿಸಿ, ಕೆಂಪು ಪೆನ್ಸಿಲ್ ಹಿಡಿದು, ಸಾಲು ಸಾಲಾಗಿ ಓದುತ್ತಿದ್ದರು. "ಪರದೆ ಮ್ಯಾಲ ಓದಿದ್ದು ಕಣ್ಣಿಗೆ ಕಾಣ್ತದ, ತೆಲಿಗೆ ಹೋಗಂಗಿಲ್ಲ," ಎನ್ನುವುದು ಅವರ ವಾದ. ಗಾಜಿನ ಕಟ್ಟಡಕ್ಕೆ ಹೋದ ನಮ್ಮ ಹುಡುಗರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾವು ಮಾಡುತ್ತಿದ್ದದ್ದು ಒಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟು ಗಾತ್ರ. ಔಷಧ, ಲಸಿಕೆ, ರಕ್ತ ಇಡುವ ಫ್ರಿಜ್ಜುಗಳಿಗೆ ಅದನ್ನು ಕಟ್ಟಿದರೆ, ಹದಿನೈದು ನಿಮಿಷಕ್ಕೊಮ್ಮೆ ಒಳಗೆ ಎಷ್ಟು ಡಿಗ್ರಿ ಇದೆ ಎಂದು ಟೆಲಿಫೋನ್ ಲೈನಿನಲ್ಲಿ ತಾನೇ ನಮ್ಮ ಆಫೀಸಿನ ಪ್ರತ್ಯೇಕ ನಂಬರಿಗೆ ಫೋನ್ ಮಾಡಿ ಹೇಳುತ್ತಿತ್ತು. ಪೆಟ್ಟಿಗೆಯ ಒಳಗೆ ಓಡುತ್ತಿದ್ದದ್ದು ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಎಲ್ಲೆಲ್ಲೋ ದೇಶಗಳಲ್ಲಿ ಕುಳಿತ, ಒಬ್ಬರ ಮುಖ ಒಬ್ಬರು ನೋಡದ ಜನ ಅದನ್ನು ನೋಡಿಕೊಳ್ಳುತ್ತಿದ್ದರು. ಅದನ್ನು ನಮ್ಮ ಸಣ್ಣ ಸರ್ಕ್ಯೂಟ್ ಬೋರ್ಡಿನ ಮೇಲೆ ಓಡಿಸಿದವಳು ನಾನು. ಆ ನನ್ನ ಪೋರ್ಟನ್ನೂ ಪದ್ಧತಿಯಂತೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದೆವು.

ಈ ಕೆಲಸದಲ್ಲಿ ವಿಚಿತ್ರಗಳಿಗೆ ಬರವಿಲ್ಲ. ಸೇರಿದ ಹೊಸದರಲ್ಲಿ ಒಂದು ಪ್ರೋಗ್ರಾಂ ಹೊಸ ಬೋರ್ಡಿನ ಮೇಲೆ ಐದು ನಿಮಿಷಕ್ಕೆ ಸಾಯುತ್ತಿತ್ತು. ಎಲ್ಲಿ ಸಾಯುತ್ತದೆ ನೋಡೋಣವೆಂದು ನಡುನಡುವೆ "ಇಲ್ಲಿಗೆ ಬಂದೆ" ಎಂದು ಬರೆಯುವ ಸಾಲು ಸೇರಿಸಿದೆ. ಸೇರಿಸಿದೊಡನೆ ಅದು ದಿನವಿಡೀ ಓಡಿತು. ತೆಗೆದೆ, ಸತ್ತಿತು. ಮತ್ತೆ ಸೇರಿಸಿದೆ, ಬದುಕಿತು. ನಾನು ನೋಡುತ್ತಿದ್ದರೆ ಸರಿಯಾಗಿರುತ್ತದೆ, ಕಣ್ಣು ತಪ್ಪಿಸಿದರೆ ಸಾಯುತ್ತದೆ. ಮೂರು ದಿನ ಅದರ ಮುಂದೆ ಕುಳಿತು ನನಗೇ ಒಂಥರಾ ಆಗಿತ್ತು. ಸಾಲು ಸೇರಿಸಿದಾಗ ಮೆಮೊರಿಯಲ್ಲಿ ಎಲ್ಲವೂ ಒಂದಿಷ್ಟು ಆಚೀಚೆ ಸರಿದು ನಿಜವಾದ ತಪ್ಪು ಮರೆಯಾಗುತ್ತಿತ್ತು, ಅಷ್ಟೇ. ಆದರೆ ಕಾರಣ ಸಿಗುವ ತನಕ ಆ ಮೂರು ದಿನ ಇದ್ದವಲ್ಲ, ಅವು ನಿಮಗೂ ಬರುತ್ತವೆ. ದೆವ್ವ ಎನ್ನಬೇಡಿ, ಹಾಗೆಂದು ನಕ್ಕು ಎದ್ದುಹೋಗಲೂಬೇಡಿ. ನಾನು ಒಮ್ಮೆ ಹಾಗೆ ಎದ್ದುಹೋಗಿದ್ದೆ.

ಅದು ಜನವರಿ, ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ವಸ್ತುಪ್ರದರ್ಶನ ನುಮಾಯಿಶ್ ಶುರುವಾಗಿದ್ದ ದಿನಗಳು. ಗಡಿ ದಾಟಿದರೆ ಸಿಗುವ ನಮ್ಮ ಕಡೆಯ ಒಂದು ಊರಿನ ಆಸ್ಪತ್ರೆಗೆ, ಹೆಸರು ಬೇಡ, ಹಿಂದಿನ ತಿಂಗಳಷ್ಟೇ ಹೊಸ ಮಾದರಿಯ ಮೊದಲ ಪೆಟ್ಟಿಗೆ ಕಳಿಸಿದ್ದೆವು. ಅಲ್ಲಿನ ರಕ್ತನಿಧಿಯಲ್ಲಿ ಕೆಲಸ ಮಾಡುತ್ತಿದ್ದ ತಂತ್ರಜ್ಞೆ ಮಲ್ಲಮ್ಮ. ನಲವತ್ತರ ಆಸುಪಾಸು. ಪೆಟ್ಟಿಗೆ ಕೂರಿಸುವಾಗ ಫೋನಿನಲ್ಲಿ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅವಳ ಫೋನ್ ಬಂತು.

"ಅಕ್ಕಾರ, ರಕ್ತದ ಕೋಣಿ ಕರೆಂಟ್ ಹೋಗೈತ್ರಿ. ಫ್ಯೂಸ್ ಸುಟ್ಟಂಗ ಕಾಣ್ತೈತಿ. ಬ್ಯಾರೆ ಕಡಿ ಐತಿ, ಇಲ್ಲಷ್ಟ ಇಲ್ಲ. ಚೀಲ ಇಡಾಕ ಬ್ಯಾರೆ ಫ್ರಿಜ್ಜೂ ಇಲ್ರಿ. ಎಲೆಕ್ಟ್ರಿಶನ್‌ಗ ಹೇಳಿ ಕಳಿಸೀನಿ, ಮದುವಿಗೆ ಹೋಗ್ಯಾನಂತ. ನಿಮ್ಮ ಪೆಟ್ಟಿಗಿನೂ ಆರೈತಿ. ಅಲ್ಲಿ ಬರದ ಇಟ್ಕೋರಿ ಅಂತ ಫೋನ್ ಮಾಡಿದ್ನಿ."

ನಾನು ಪರದೆ ನೋಡಿದೆ. ಆಸ್ಪತ್ರೆಯ ಸಾಲಿನಲ್ಲಿ ನಾಲ್ಕು ಡಿಗ್ರಿ. ಐದು ನಿಮಿಷದ ಹಿಂದಿನದು.

"ಮಲ್ಲಮ್ಮ, ಪೆಟ್ಟಿಗಿ ಚಾಲೂ ಐತಲ್ರಿ. ನಾಲ್ಕ ಡಿಗ್ರಿ ಅಂತ ಈಗಷ್ಟ ಹೇಳೇತಿ."

"ಇಲ್ರಿ ಅಕ್ಕಾರ, ನನ್ನ ಕಣ್ಣ ಮುಂದ ಐತಿ. ದೀಪಾನ ಇಲ್ಲ ಅದಕ್ಕ."

"ದೀಪ ಹೋಗಿರಬೇಕು. ಸರಿಯಾಗಿ ನೋಡ್ರಿ."

ಅವಳು ನೋಡಿದಳು. ಪ್ಲಗ್ ತೆಗೆದು ಹಾಕಿದಳು. ಫ್ರಿಜ್ಜಿನ ಮೇಲೆ ಕಿವಿ ಇಟ್ಟಳು, ಸದ್ದಿಲ್ಲ ಎಂದಳು. ಇಷ್ಟೆಲ್ಲ ಆಗುವಾಗ ನಾನು ರಿಸೀವರ್ ಹಿಡಿದೇ ಇದ್ದೆ. ನನ್ನ ಕಣ್ಣೆದುರಿಗೇ ಪರದೆಯ ಮೇಲೆ ಹೊಸ ಸಾಲು ಮೂಡಿತು: ನಾಲ್ಕು ಡಿಗ್ರಿ. ನನಗೆ ಹೆದರಿಕೆಯಾಯಿತು. ಆರಿದ ಪೆಟ್ಟಿಗೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಾಳೆ, ಅದೇ ಪೆಟ್ಟಿಗೆ ನನ್ನೊಡನೆ ಮಾತಾಡುತ್ತಿದೆ. ಎರಡರಲ್ಲಿ ಒಂದನ್ನು ನಂಬಬೇಕಿತ್ತು. ನಾನು ನಂಬಿದ್ದು ನನ್ನ ಕೈಯಾರೆ ಮಾಡಿದ್ದನ್ನು. "ನಮ್ಮಲ್ಲಿ ಎಲ್ಲಾ ಸರಿ ಐತ್ರಿ," ಎಂದು ಹೇಳಿ ಊಟಕ್ಕೆ ಎದ್ದುಹೋದೆ.

ಮರುದಿನ ರಕ್ತದ ಚೀಲಗಳು ಕೆಟ್ಟಿದ್ದು ಗೊತ್ತಾಯಿತು. ಇದ್ದಬದ್ದ ಚೀಲಗಳನ್ನೆಲ್ಲ ಎಸೆದರು. ಹೆರಿಗೆಗೆ ಬಂದಿದ್ದ ಒಬ್ಬಾಕೆಯನ್ನು ರಕ್ತವಿಲ್ಲದೆ ಬೇರೆ ಊರಿಗೆ ಕಳಿಸಿದರಂತೆ. ಆಕೆ ಬದುಕಿದಳು ಎಂದು ತಿಳಿಯುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಆಸ್ಪತ್ರೆಯವರು ನಮ್ಮಿಂದ ಆ ದಿನದ ದಾಖಲೆ ಕೇಳಿದರು. ಬೆಳಗಿನಿಂದ ಸಂಜೆವರೆಗೆ ನಾಲ್ಕು, ನಾಲ್ಕು, ನಾಲ್ಕು. ಅಚ್ಚುಹಾಕಿ, ಕೆಳಗೆ ನಾನೇ ಸಹಿ ಮಾಡಿ ಕಳಿಸಿದೆ. ಅದನ್ನು ಇಟ್ಟುಕೊಂಡು ಅವರು ಮಲ್ಲಮ್ಮನಿಗೆ ನೋಟಿಸ್ ಕೊಟ್ಟರು: ಫ್ರಿಜ್ಜು ಸರಿಯಾಗಿಯೇ ಇತ್ತು, ಚೀಲಗಳನ್ನು ಹೊರಗೆ ಇಟ್ಟು ಮರೆತದ್ದು ನೀನು, ಕರೆಂಟ್ ಹೋಗಿತ್ತೆನ್ನುವುದು ಕಟ್ಟುಕಥೆ. ಆ ಕೋಣೆಯ ಫ್ಯೂಸ್ ಮಾತ್ರ ಹೋಗಿದ್ದರಿಂದ ಬೇರೆ ಸಾಕ್ಷಿ ಇರಲಿಲ್ಲ. ಮದುವೆ ಮುಗಿಸಿ ಕತ್ತಲಾದ ಮೇಲೆ ಬಂದ ಎಲೆಕ್ಟ್ರಿಶನ್, ತನ್ನ ಮೇಲೆ ಬಂದೀತೆಂದು, ತಾನು ಫ್ಯೂಸ್ ಹಾಕಿಯೇ ಇಲ್ಲ ಎಂದುಬಿಟ್ಟನಂತೆ.

ಎರಡು ವಾರ ಕಳೆದಿರಬೇಕು. ಮಲ್ಲಮ್ಮ ಮತ್ತೆ ಫೋನ್ ಮಾಡಿದಳು. ದನಿ ಸಣ್ಣದಾಗಿತ್ತು.

"ಅಕ್ಕಾರ, ವಿಚಾರಣಿ ಇಟ್ಟಾರ. ನೀವ ಬಂದ ಒಂದ ಮಾತ ಹೇಳ್ರಿ ಸಾಕು. ಅವತ್ತ ನಾ ಫೋನ್ ಮಾಡಿ ಕರೆಂಟ್ ಹೋಗೈತಿ ಅಂದಿದ್ನೋ ಇಲ್ಲೋ, ಅಷ್ಟ ಹೇಳ್ರಿ. ಇಡ್ತೀನ್ರಿ, ಪೆಟ್ಟಿಗಿ ಫೋನ್ ಮಾಡೋ ಹೊತ್ತಾತು. ನಾ ಹಿಡಕೊಂಡ ನಿಂತ್ರ ಅದಕ್ಕ ಲೈನ್ ಸಿಗಂಗಿಲ್ಲ."

ಅವಳು ಇಟ್ಟಳು. ನಾನು ಇಡಲಿಲ್ಲ. ರಿಸೀವರ್ ಕೈಯಲ್ಲೇ ಇತ್ತು. ರಕ್ತನಿಧಿಗೆ ಇದ್ದ ಲೈನ್ ಒಂದೇ. ಮಲ್ಲಮ್ಮ ಮಾತಾಡುವುದೂ ಪೆಟ್ಟಿಗೆ ಮಾತಾಡುವುದೂ ಅದೇ ತಂತಿಯಲ್ಲಿ. ಆ ಭಾನುವಾರ ನಾವಿಬ್ಬರೂ ಆ ತಂತಿಯನ್ನು ಹಿಡಿದು ಕಾಲು ತಾಸಿಗಿಂತ ಹೆಚ್ಚು ಹೊತ್ತು ನಿಂತಿದ್ದೆವು. ಅದೇ ಹೊತ್ತಿನಲ್ಲಿ ಪರದೆಯ ಮೇಲೆ ಹೊಸ ಸಾಲು ಬಂದಿತ್ತು. ಹಾಗಿದ್ದರೆ ಅದು ಯಾವ ಬಾಯಿಂದ ಬಂತು?

ಪಕ್ಕದ ಶೆಡ್ಡಿನಲ್ಲಿ ಲೇತ್ ಕಿರುಚುತ್ತಿತ್ತು, ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ನಾನು ರಿಸೀವರ್ ಇಟ್ಟು ಕಪಾಟಿನ ಕಡೆ ನಡೆದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಫೋನ್ ಮಾಡುವ ಪೆಟ್ಟಿಗೆ ಯಾವುದು ಎಂದು ನಮ್ಮ ಪ್ರೋಗ್ರಾಂ ಗುರುತಿಸುತ್ತಿದ್ದದ್ದು ಅದರ ಕೀಲಿಯಿಂದ. ಕೀಲಿ ಎಂದರೆ ಉದ್ದನೆಯ ಒಂದು ಗುಪ್ತ ಸಂಖ್ಯೆ. ಹಳೆಯ ಪೆಟ್ಟಿಗೆಗಳಿಗೆ ಅದನ್ನು ನಾವೇ ಶೆಡ್ಡಿನಲ್ಲಿ ಮಾಡಿ ತುಂಬುತ್ತಿದ್ದೆವು. ಹೊಸ ಮಾದರಿಯಲ್ಲಿ, ಮೊದಲ ಸಲ ಚಾಲೂ ಆದಾಗ ಪೆಟ್ಟಿಗೆ ತನ್ನ ಕೀಲಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಯಾರಿಗೂ ಊಹಿಸಲಾಗದ ಒಂದು ಸಂಖ್ಯೆಯಿಂದ ಆ ಕೀಲಿ ಹುಟ್ಟಬೇಕು, ಹಾಗಾದರೆ ಮಾತ್ರ ಒಂದರಂತೆ ಇನ್ನೊಂದು ಇರುವುದಿಲ್ಲ.

ಕಪಾಟಿನಿಂದ ಹೊಸ ಮಾದರಿಯ ಎರಡು ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಚಾಲೂ ಮಾಡಿದೆ. ಎರಡರ ಕೀಲಿಯನ್ನೂ ಅಚ್ಚುಹಾಕಿದೆ. ಅಕ್ಷರಕ್ಕೆ ಅಕ್ಷರ ಒಂದೇ. ಮೂರನೆಯದನ್ನು ತೆಗೆದೆ. ಅದೂ ಅದೇ. ಹಾಳೆಯ ಕೊನೆಗೆ, ನಮ್ಮ ದಾಖಲೆಯಲ್ಲಿದ್ದ ಆಸ್ಪತ್ರೆಯ ಪೆಟ್ಟಿಗೆಯ ಕೀಲಿಯನ್ನೂ ಬರೆದೆ. ನಾಲ್ಕು ಸಾಲು, ಒಂದೇ ಸಾಲನ್ನು ನಾಲ್ಕು ಸಲ ಬರೆದ ಹಾಗೆ. ಒಬ್ಬಳೇ ಹೆಂಗಸು ನಾಲ್ಕು ಬಾಗಿಲಲ್ಲಿ ನಿಂತು ನೋಡುತ್ತಿರುವಂತೆ ಕಂಡಿತು ನನಗೆ.

ಹೊಸ ಮಾದರಿಯ ಎರಡನೆಯ ಪೆಟ್ಟಿಗೆ ಎಲ್ಲಿಗೆ ಹೋಗಿದೆ ಎಂದು ಆಗ ನೆನಪಾಯಿತು. ನುಮಾಯಿಶ್‌ನಲ್ಲಿ ನಮ್ಮದೊಂದು ಮಳಿಗೆ ಹಾಕಿದ್ದೆವು. ಜನ ನೋಡಲೆಂದು ಅಲ್ಲೊಂದು ಸಣ್ಣ ಫ್ರಿಜ್ಜು, ಅದರ ತುಂಬ ಸೋಡಾ ಬಾಟಲಿ, ಅದಕ್ಕೊಂದು ಪೆಟ್ಟಿಗೆ ಕಟ್ಟಿದ್ದೆವು. ಅದನ್ನು ಜೋಡಿಸಿದ್ದು ಆ ಭಾನುವಾರವೇ, ಬೆಳಿಗ್ಗೆ. ಬರೀ ತೋರಿಕೆಗೆ ಇಟ್ಟದ್ದರಿಂದ ಅದರ ಫೋನು ಎಲ್ಲಿ ದಾಖಲಾಗುತ್ತಿದೆ ಎಂದು ಯಾರೂ ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಂಪಲ್ಲಿಗೆ ಹೋದೆ. ಜನ ಇನ್ನೂ ಬಂದಿರಲಿಲ್ಲ, ಮಳಿಗೆಗಳ ಪರದೆ ಅರ್ಧ ಎದ್ದಿತ್ತು, ತಿರುಗುವ ದೊಡ್ಡ ತೊಟ್ಟಿಲು ನಿಂತಿತ್ತು. ಫ್ರಿಜ್ಜಿನ ಬಾಗಿಲು ತೆರೆದು, ಒಳಗಿದ್ದ ಉಷ್ಣತೆ ಅಳೆಯುವ ತಂತಿಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಪೆಟ್ಟಿಗೆ ಫೋನ್ ಮಾಡುವ ತನಕ ನಿಂತೆ. ಆಮೇಲೆ ಹೊರಗಿನ ಎಸ್‌ಟಿಡಿ ಬೂತಿನಿಂದ ಮೋಯಿನ್ ಸಾಹೇಬರಿಗೆ ಫೋನ್ ಮಾಡಿ, ಆಸ್ಪತ್ರೆಯ ಸಾಲು ನೋಡಲು ಹೇಳಿದೆ.

"ಮೂವತ್ತೊಂದ ಡಿಗ್ರಿ ಅನ್ನಾಕತ್ತೈತಿ," ಎಂದರು ಅವರು. "ವಿಜಯಾ, ಅಲ್ಲಿ ಬೆಂಕಿ ಬಿದ್ದೈತೇನ?"

ನನ್ನ ಕೈಯ ಬಿಸಿ ನಾಲ್ಕು ತಾಸು ದೂರದ ರಕ್ತನಿಧಿಯ ಲೆಕ್ಕದಲ್ಲಿ ಬರೆಯಲ್ಪಟ್ಟಿತ್ತು. ಆ ಭಾನುವಾರ ರಕ್ತ ಕೆಡುತ್ತಿದ್ದಾಗ ಅದರ ಹೆಸರಿನಲ್ಲಿ "ನಾಲ್ಕು, ನಾಲ್ಕು" ಎನ್ನುತ್ತಿದ್ದದ್ದು ಈ ಸೋಡಾ ಬಾಟಲಿಗಳು. ಫ್ಯೂಸ್ ಹಾಕಿದ ಮೇಲೆ ಎರಡು ಪೆಟ್ಟಿಗೆಗಳೂ ಮಾತಾಡಿ ಕಾಲು ತಾಸಿಗೆ ಎರಡೆರಡು ಸಾಲು ಬರುತ್ತಿದ್ದವು. ಮರುಕರೆ ಇರಬೇಕೆಂದು ನಾನು ಅದನ್ನೂ ಕಡೆಗಣಿಸಿದ್ದೆ. ಪೆಟ್ಟಿಗೆಯನ್ನು ಅಲ್ಲಿಂದ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

ಶೆಡ್ಡಿಗೆ ಬಂದು ಕೋಡ್ ತೆರೆದೆ. ಹುಡುಕಬೇಕಾಗಲಿಲ್ಲ. ಮೂಲ ಪ್ರೋಗ್ರಾಂ ಆ ಊಹಿಸಲಾಗದ ಸಂಖ್ಯೆಯನ್ನು ಯಂತ್ರದ ಒಂದು ಚಿಪ್ಪಿನಿಂದ ಕೇಳುತ್ತದೆ. ನಮ್ಮ ಬೋರ್ಡಿನಲ್ಲಿ ಆ ಚಿಪ್ಪು ಇರಲಿಲ್ಲ. ಉಪ್ಪಿನ ಡಬ್ಬಿಯೇ ಇಲ್ಲದ ಅಡುಗೆಮನೆ. ಕೆಲಸ ಮುಂದೆ ಸಾಗಲಿ ಎಂದು ಪೋರ್ಟಿಂಗ್ ಮಾಡುವವರೆಲ್ಲ ಇಂಥ ಕಡೆ ಒಂದು ಡಮ್ಮಿ ಇಡುತ್ತಾರೆ: ಏನು ಕೇಳಿದರೂ ಒಂದೇ ಉತ್ತರ ಕೊಡುವ ನಾಲ್ಕು ಸಾಲಿನ ತುಣುಕು. ನಾನೂ ಇಟ್ಟಿದ್ದೆ. ಉತ್ತರವಾಗಿ ತಕ್ಷಣ ಹೊಳೆದ ಒಂದು ಸಂಖ್ಯೆ ಬರೆದಿದ್ದೆ, ಕಾಚಿಗುಡದ ನಮ್ಮ ಮನೆಯ ಬಾಗಿಲ ನಂಬರು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದಲ್ಲೇ ಒಂದು ಟಿಪ್ಪಣಿ: "ಸದ್ಯಕ್ಕೆ ಇದು. ಆಮೇಲೆ ನೋಡೋಣ." ಪರೀಕ್ಷೆಯಲ್ಲಿ ಪಾಸಾಯಿತು, ಏಕೆಂದರೆ ಕೀಲಿ ಹುಟ್ಟಿತೇ ಎಂದಷ್ಟೇ ಪರೀಕ್ಷೆ ಕೇಳುತ್ತಿತ್ತು. ಆಮೇಲೆ ನಾನು ನೋಡಲಿಲ್ಲ. ದೂರದೇಶದಲ್ಲಿ ಅದನ್ನು ಪರಿಶೀಲಿಸಿದವರಿಗೆ ಆ ಭಾಷೆ ತಿಳಿಯಲಿಲ್ಲ, ಕೇಳಲೂ ಇಲ್ಲ. ನೀವು ಎಷ್ಟೇ ಕನ್ನಡಾಭಿಮಾನಿಗಳಾಗಿರಿ, ತಪ್ಪೊಪ್ಪಿಗೆಯನ್ನು ಮಾತ್ರ ಓದುವವರ ಭಾಷೆಯಲ್ಲೇ ಬರೆಯಿರಿ.

ಮೋಯಿನ್ ಸಾಹೇಬರು ಕಪಾಟಿನಿಂದ ಹಳೆಯ ಕಾಗದದ ಸುರುಳಿ ಬಿಚ್ಚಿದರು. ಆ ಸಾಲಿನ ಪಕ್ಕದಲ್ಲಿ ಅವರ ಕೆಂಪು ಪೆನ್ಸಿಲಿನ ಚುಕ್ಕೆಯಿತ್ತು.

"ನಾ ಓದಿದ್ದೆ," ಎಂದರು. "ಆಮ್ಯಾಲ ನೋಡೋಣ ಅಂತ ಬರದಾಳ, ನೋಡ್ತಾಳ ಅಂದ್ಕೊಂಡೆ. ಗಲತಿ ನಿನ್ನೊಬ್ಬಾಕಿದಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹಾಗೆ ಹೇಳಿದ್ದಕ್ಕೆ ಅಳು ಬಂತು.

ಈಗ ಈ ಕೆಲಸದ ಒಂದು ಕಟ್ಟುನಿಟ್ಟಿನ ಪದ್ಧತಿಗೆ ಬರುತ್ತೇನೆ. ಎಲ್ಲರೂ ಬಳಸುವ ಸಿಸ್ಟಂನಲ್ಲಿ ಇಂಥ ದೋಷ ಸಿಕ್ಕಿದರೆ ಬೀದಿಯಲ್ಲಿ ನಿಂತು ಕೂಗಬಾರದು. ಕೂಗಿದರೆ ಕಳ್ಳರಿಗೇ ಮೊದಲು ಕೇಳಿಸುತ್ತದೆ, ಆ ಒಂದೇ ಕೀಲಿ ಹಿಡಿದು ಅವರು ಯಾವ ಯಂತ್ರದೊಳಗೂ ನುಗ್ಗಬಹುದು. ಅದನ್ನು ನೋಡಿಕೊಳ್ಳುವವರಿಗೆ ಗುಟ್ಟಾಗಿ ಬರೆಯಬೇಕು. ದುರಸ್ತಿ ಸಿದ್ಧವಾಗಿ ಎಲ್ಲರಿಗೂ ತಲುಪುವ ದಿನವನ್ನು ಗೊತ್ತುಮಾಡುತ್ತಾರೆ, ಆ ದಿನದವರೆಗೆ ತಿಳಿದವರೆಲ್ಲ ಮೌನ. ಎಂಬಾರ್ಗೋ ಎಂದು ಅದರ ಹೆಸರು. ಸಾಹೇಬರು ಅದನ್ನು ಬಾಯಿಯ ರೋಜಾ, ಅಂದರೆ ಮಾತಿನ ಉಪವಾಸ, ಎನ್ನುತ್ತಿದ್ದರು. ಅವತ್ತೇ ಬರೆದೆವು. ಆ ಸಿಸ್ಟಂನ ಸುರಕ್ಷತೆಯ ಪತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಯಾನ್, ಯುರೋಪಿನ ಯಾವುದೋ ಊರಿನವನು. ಮರುದಿನವೇ ಉತ್ತರ ಬಂತು: ಇಪ್ಪತ್ತೊಂದು ದಿನ. ನನ್ನ ಪೋರ್ಟನ್ನು ಎತ್ತಿಕೊಂಡವರ ಪಟ್ಟಿಯನ್ನೂ ಕಳಿಸಿದ್ದ. ಒಂದು ನೀರು ಶುದ್ಧಿ ಮಾಡುವ ಘಟಕ, ಸಮುದ್ರದ ಮೇಲಿದ್ದ ಒಂದು ಹಡಗು, ಮಕ್ಕಳ ಆಸ್ಪತ್ರೆಯೊಂದು, ಹೆಸರೇ ತಿಳಿಯದ ಇನ್ನೆಷ್ಟೋ. ನಾನು ಕಂಡರಿಯದ ಆ ಎಲ್ಲ ಬಾಗಿಲುಗಳ ಮೇಲೆ ನಮ್ಮ ಕಾಚಿಗುಡದ ಮನೆಯ ನಂಬರು ಇತ್ತು.

ಮಲ್ಲಮ್ಮನ ವಿಚಾರಣೆ ಇದ್ದದ್ದು ಒಂಬತ್ತನೆಯ ದಿನ.

ಯಾನ್‌ನಿಗೆ ಬರೆದೆ. ಒಬ್ಬ ಹೆಂಗಸಿನ ನೌಕರಿ, ಮಾನ ಎರಡೂ ಇದರಲ್ಲಿವೆ, ಅವಳ ವಿಚಾರಣೆಯಲ್ಲಿ ಮಾತ್ರ ಹೇಳಲು ಬಿಡಿ ಎಂದು ಕೇಳಿಕೊಂಡೆ. ಅವನು ಒರಟಾಗಿ ಬರೆಯಲಿಲ್ಲ. "ಆಕೆಯ ಹೆಸರು ನಿಮಗೆ ಗೊತ್ತು. ನನ್ನ ಪಟ್ಟಿಯಲ್ಲಿರುವವರ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ವಿಚಾರಣೆಯ ಕಾಗದ ಎಷ್ಟು ಕೈ ದಾಟುತ್ತದೋ ಹೇಳಲಾಗದು. ದಯವಿಟ್ಟು ಕಾಯಿರಿ," ಎಂದಿದ್ದ. ಅವನ ಮಾತು ತಪ್ಪು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಬರೀ ಫೋನ್ ಬಂದಿತ್ತು ಎಂದಷ್ಟೇ ಹೇಳಿ ಬರೋಣವೆಂದರೆ, ಹಾಗಿದ್ದರೆ ಪೆಟ್ಟಿಗೆ ಹೇಗೆ ಮಾತಾಡಿತು ಎಂದು ಅವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮಲ್ಲಮ್ಮನಿಗೆ ಫೋನ್ ಮಾಡಿ, "ವಿಚಾರಣಿ ಒಂದೆರಡ ವಾರ ಮುಂದ ಹಾಕಿಸ್ರಿ, ಆಮ್ಯಾಲ ನಾನ ಬರ್ತೀನಿ," ಎಂದೆ.

"ಯಾಕ್ರಿ ಅಕ್ಕಾರ?"

"ಈಗ ಹೇಳಾಕ ಬರಂಗಿಲ್ರಿ."

"ಮುಂದ ಹಾಕಾಕ ನಂದೇನ ನಡಿತೈತ್ರಿ ಅಲ್ಲಿ," ಎಂದು ಇಟ್ಟಳು. ಮತ್ತೆ ಆಮೇಲೆ ನೋಡೋಣ ಎಂದಿದ್ದೆ ನಾನು.

ಆ ದಿನಗಳನ್ನು ಹೇಗೆ ಹೇಳಲಿ? ಬಸ್ಸಿನ ಕಿಟಕಿಯಿಂದ ಔಷಧದ ಅಂಗಡಿಯ ಫ್ರಿಜ್ಜು ಕಂಡರೆ ಅದು ನನ್ನನ್ನೇ ನೋಡಿದಂತಾಗುತ್ತಿತ್ತು. ಅಂಗಡಿಯವನು ಅದರೊಳಗಿಂದ ನಗುನಗುತ್ತ ಇನ್ಸುಲಿನ್ ತೆಗೆದುಕೊಡುತ್ತಿದ್ದ. ಎಲ್ಲರೂ ಬಾಗಿಲು ಹಾಕಿದೆ ಎಂದುಕೊಂಡು ಮಲಗಿದ ಊರಿನಲ್ಲಿ, ಒಂದೂ ಬಾಗಿಲಿಗೆ ಚಿಲಕವಿಲ್ಲ ಎಂದು ಗೊತ್ತಿರುವವಳು ನಾನೊಬ್ಬಳೇ ಎನ್ನುವ ಹಾಗೆ. ಮನೆಗೆ ಬಂದು ನಮ್ಮ ಬಾಗಿಲಿನ ನಂಬರ್ ಫಲಕ ನೋಡಲಾರದೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅವ್ವ, "ಏನಾಗೇತಿ ನಿನಗ? ಬಾಯಾಗ ನೀರ ಇಟ್ಕೊಂಡಂಗ ಅದಿ," ಎಂದು ಕೇಳಿದಳು. ಅವಳಿಗೂ ಹೇಳುವಂತಿರಲಿಲ್ಲ.

ಇಪ್ಪತ್ತೊಂದನೆಯ ದಿನ ಎಲ್ಲ ಕಡೆ ದುರಸ್ತಿ ಹೋಯಿತು, ಪ್ರಕಟಣೆ ಬಂತು. ತಪ್ಪು ಯಾರದು ಎಂದು ಹೆಸರು ಹಾಕುವ ರೂಢಿ ಇಲ್ಲ, ನಾನೇ ಒತ್ತಾಯಿಸಿ ಹಾಕಿಸಿದೆ. ಮರುದಿನ ಬೆಳಗಿನ ಬಸ್ಸಿಗೆ ಆ ಊರಿಗೆ ಹೊರಟೆ, ಚೀಲದಲ್ಲಿ ಪ್ರಕಟಣೆಯ ಪ್ರತಿ, ಅದರ ಕನ್ನಡ, ಸಾಹೇಬರ ಪತ್ರ.

ರಕ್ತನಿಧಿಯಲ್ಲಿ ಮಲ್ಲಮ್ಮ ಇರಲಿಲ್ಲ. ಹಿಂದಿನ ಕಟ್ಟಡದಲ್ಲಿ ಹಾಸಿಗೆ ಬಟ್ಟೆಗಳ ಕೋಣೆಗೆ ಹಾಕಿದ್ದರು. ಚಾದರ ಮಡಚುತ್ತ ಕುಳಿತಿದ್ದಳು. ಅದೇ ಮೊದಲ ಸಲ ನಾವು ಮುಖ ನೋಡಿದ್ದು. ದನಿಯಿಂದ ಗುರುತು ಹಿಡಿದು ಎದ್ದುನಿಂತಳು, ಕುಳ್ಳಿರಿಸಿ ನೀರು ಕೊಟ್ಟಳು.

"ಮುಗೀತ್ರಿ ಅಕ್ಕಾರ ಅದು. ತಪ್ಪಾತು ಅಂತ ಬರದ ಸಹಿ ಹಾಕಿ ಕೊಟ್ಟೀನಿ. ನೌಕರಿ ಉಳೀತು."

"ಯಾಕ ಬರದ ಕೊಟ್ರಿ? ಕರೆಂಟ್ ಹೋಗಿತ್ತಲ್ಲ?"

ಅವಳು ನನ್ನನ್ನು ಸಮಾಧಾನ ಮಾಡುವವಳಂತೆ ನಕ್ಕಳು. "ಇಲ್ರಿ, ಹೋಗಿರಲಿಲ್ಲ. ಎಲ್ಲಾರೂ ಕೂಡಿ ಕಾಗದ ತೋರ್ಸಿದ್ರು. ಪೆಟ್ಟಿಗಿ ಹೇಳೇತಿ, ನೀವೂ ಅವತ್ತ ಹೇಳಿದ್ರಿ, ಎಲ್ಲಾ ಸರಿ ಐತಿ ಅಂತ. ಮಷೀನ್ ಯಾಕ ಸುಳ್ಳ ಹೇಳ್ತೈತ್ರಿ? ಕುಂತ ವಿಚಾರ ಮಾಡಿದ್ನಿ. ಈಗ ನನಗೂ ನೆನಪಾಗೇತಿ, ದೀಪ ಹತ್ತಿತ್ತು. ಚೀಲ ನಾನ ಹೊರಗ ಇಟ್ಟಿರಬೇಕು."

ಚೀಲ ಇಟ್ಟ ಮೇಜು ಯಾವುದು, ಅದರ ಮೇಲೆ ಇನ್ನೇನಿತ್ತು ಎಂದೂ ಹೇಳಿದಳು. ಆಗದೇ ಇದ್ದದ್ದನ್ನು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಳು. ಆರಿದ ಪೆಟ್ಟಿಗೆ ಮಾತಾಡಿದಾಗ ಹೆದರಿದ್ದಕ್ಕಿಂತ ಹೆಚ್ಚು ನಾನು ಅಲ್ಲಿ ಹೆದರಿದೆ. ನನ್ನ ಡಮ್ಮಿ ಅವಳ ತಲೆಯೊಳಗೂ ಹೋಗಿ ಕುಳಿತಿತ್ತು.

ಕಾಗದ ತೆಗೆದು ಓದಿದೆ, ಬಿಡಿಸಿ ಹೇಳಿದೆ. ಸೋಡಾ ಬಾಟಲಿಗಳ ವಿಷಯ, ಒಂದೇ ಲೈನಿನ ವಿಷಯ, ನನ್ನ ನಾಲ್ಕು ಸಾಲಿನ ವಿಷಯ. ಅವಳು ಮಡಚಿದ ಚಾದರದ ಅಂಚನ್ನು ಮತ್ತೆ ಮತ್ತೆ ನೀವುತ್ತ ಕೇಳಿದಳು.

"ಅಂದ್ರ, ಅವತ್ತ ಕರೆಂಟ್ ಹೋಗಿತ್ತ?"

"ಹೋಗಿತ್ರಿ."

"ನನ್ನ ತೆಲಿ ಕೆಟ್ಟಿರಲಿಲ್ಲ?"

"ಇಲ್ರಿ ಮಲ್ಲಮ್ಮ. ಕೆಟ್ಟಿದ್ದು ನಂದು."

ಕಾಗದವನ್ನೇ ನೋಡುತ್ತ ಕೇಳಿದಳು: "ಇದು ನಿಮಗ ಯಾವಾಗ ಗೊತ್ತಾತ್ರಿ?"

ಸುಳ್ಳು ಹೇಳಬಹುದಿತ್ತು. "ನೀವು ಸಹಿ ಹಾಕೋಕಿಂತ ಒಂಬತ್ತ ದಿನ ಮೊದಲ," ಎಂದೆ.

ಅವಳು ಬೈಯಲಿಲ್ಲ. "ಒಂಬತ್ತ ದಿನ," ಎಂದಳು. "ಆ ಒಂಬತ್ತ ದಿನದಾಗ ಅಕ್ಕಾರ, ನಾ ಮನಿಯಾಗ ಒಲಿ ಆರಿಸೇನೋ ಇಲ್ಲೋ ಅಂತ ಹತ್ತ ಸಲ ಎದ್ದ ಹೋಗಿ ಕೈ ಇಟ್ಟ ನೋಡ್ತಿದ್ನಿ."

ಆಮೇಲಿನದು ಕಚೇರಿಯ ಕೆಲಸ. ಮುಂದಿನ ವಾರ ಮೋಯಿನ್ ಸಾಹೇಬರೇ ಬಂದು ಆಸ್ಪತ್ರೆಯ ಮುಖ್ಯಸ್ಥರ ಮುಂದೆ ತಪ್ಪು ನಮ್ಮದು ಎಂದು ಬರೆದುಕೊಟ್ಟರು. ಅವಳ ಹೇಳಿಕೆಯನ್ನು ಕಡತದಿಂದ ತೆಗೆಸಲು ಮಳೆಗಾಲ ಬರಬೇಕಾಯಿತು. ಅವಳು ರಕ್ತನಿಧಿಗೆ ಮರಳಿದಳು. ಪೆಟ್ಟಿಗೆ ಅಲ್ಲೇ ಇತ್ತು, ಸರಿಯಾಗಿಯೂ ಇತ್ತು. ಆದರೂ ಅವಳು ಗೋಡೆಗೆ ಒಂದು ಗಾಜಿನ ಥರ್ಮಾಮೀಟರ್ ತೂಗುಹಾಕಿ, ಎರಡು ತಾಸಿಗೊಮ್ಮೆ ಕೈಯಿಂದ ಪುಸ್ತಕದಲ್ಲಿ ಬರೆಯತೊಡಗಿದಳು. ಆಮೇಲೆ ನಾವು ಕಳಿಸಿದ ಪ್ರತಿ ಪೆಟ್ಟಿಗೆಯ ಜೊತೆಗೂ ಒಂದು ಥರ್ಮಾಮೀಟರ್, ಒಂದು ಪುಸ್ತಕ ಹೋಗುತ್ತಿತ್ತು.

ಕೆಲಸಕ್ಕೆ ಸೇರುವವರು ನನ್ನಿಂದ ಎರಡು ಮಾತು ಇಟ್ಟುಕೊಳ್ಳಿ. ಡಮ್ಮಿ ಬರೆಯದೆ ವಿಧಿಯಿಲ್ಲ, ಬರೆಯಿರಿ. ಆದರೆ ಉತ್ತರ ಕೊಡುವ ಡಮ್ಮಿ ಬರೆಯಬೇಡಿ, ಓಡಿಸಿದ ಕೂಡಲೇ ಕಿರುಚಿ ನಿಲ್ಲುವಂಥದ್ದನ್ನು ಬರೆಯಿರಿ. ಇನ್ನು ಎಂಬಾರ್ಗೋಗೆ ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿ: ಈ ದೋಷದ ತಪ್ಪನ್ನು ಈಗಾಗಲೇ ಯಾರಾದರೂ ಮನುಷ್ಯರ ತಲೆಗೆ ಕಟ್ಟಿದ್ದಾರೆಯೇ? ಮುಂದೆ ಯಾನ್‌ನೊಂದಿಗೆ ಹತ್ತಾರು ಸಲ ಕೆಲಸ ಮಾಡಿದೆ, ಪ್ರತಿ ಸಲವೂ ಇದನ್ನು ಕೇಳಿದೆ. ಎರಡು ಸಲ ಹೌದು ಎಂಬ ಉತ್ತರ ಬಂದು, ಗಡುವನ್ನು ಮೊಟಕು ಮಾಡಿದೆವು. ಮಲ್ಲಮ್ಮನ ವಿಷಯದಲ್ಲಿ ಒಂದೇ ಸಲ ಕೇಳಿಕೊಂಡು ಸುಮ್ಮನಾಗಿದ್ದೆ. ಇನ್ನೊಂದು ಸಲ ಕೇಳಬೇಕಿತ್ತು, ಜಗಳ ಆಡಬೇಕಿತ್ತು.

ಈಗ ನಾನೂ ನಿವೃತ್ತಳು, ಅವಳೂ ನಿವೃತ್ತಳು. ಮೋಯಿನ್ ಸಾಹೇಬರು ತೀರಿಕೊಂಡರು. ಶೆಡ್ಡಿನ ಜಾಗದಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಆದರೂ ಅವಳ ಊರಿನಲ್ಲಿ ಕರೆಂಟ್ ಹೋದಾಗ ಒಮ್ಮೊಮ್ಮೆ ನನಗೆ ಫೋನ್ ಬರುತ್ತದೆ. ದುರಸ್ತಿಗಲ್ಲ, ಹರಟೆಗೂ ಅಲ್ಲ.

"ಅಕ್ಕಾರ, ಕರೆಂಟ್ ಹೋತ್ರಿ," ಎನ್ನುತ್ತಾಳೆ.

ನಾನು ಕಾಚಿಗುಡದ ಮನೆಯಲ್ಲಿ ತಿರುಗುತ್ತಿರುವ ಫ್ಯಾನಿನ ಕೆಳಗೆ ಕುಳಿತು, "ಹೌದ್ರಿ ಮಲ್ಲಮ್ಮ, ಹೋಗೈತಿ," ಎನ್ನುತ್ತೇನೆ. ಅಷ್ಟು ಕೇಳಿಸಿಕೊಂಡು ಅವಳು ಫೋನ್ ಇಡುತ್ತಾಳೆ.